ಮಹಾಪ್ರಾಣ

ಉಸಿರು ಒಳಗೆ ಹೋಯಿತು, ಜೇಬಿನಲ್ಲಿದ್ದ ಹಾಳೆ ಸರಕ್ಕೆಂದಿತು. ಉಸಿರು ಹೊರಗೆ ಬಂತು, ಹಾಳೆ ಮತ್ತೆ ಸರಕ್ಕೆಂದಿತು. ಕಣ್ಣು ಮುಚ್ಚಿ, ಹೆಬ್ಬೆರಳಿಗೆ ತೋರುಬೆರಳು ತಾಗಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ ಪವಮಾನನಿಗೆ ಸುತ್ತ ಕೂತ ಹನ್ನೊಂದು ಜನಕ್ಕೂ ಆ ಸದ್ದು ಕೇಳಿಸುತ್ತಿದೆ ಅನ್ನಿಸಿತು. ಮೆಲ್ಲಗೆ ಉಸಿರಾಡಿ ನೋಡಿದ. ಹಾಳೆಯೂ ಮೆಲ್ಲಗೆ ಸದ್ದು ಮಾಡಿತು, ಅದು ಇನ್ನಷ್ಟು ಕಳ್ಳತನದ ಹಾಗೆ ಕೇಳಿಸಿತು. "ಉಸಿರನ್ನ ಬದಲಾಯಿಸೋಕೆ ಹೋಗ್ಬೇಡಿ. ಬಂದ್ರೆ ಬಂತು, ಹೋದ್ರೆ ಹೋಯ್ತು. ಸುಮ್ನೆ ನೋಡ್ತಾ ಇರಿ, ಅಷ್ಟೇ," ಎಂದು ಮಾಲೀಕರಾದ ಗೋವಿಂದರಾಜು ಜೇನು ಸವರಿದ ದನಿಯಲ್ಲಿ ಹೇಳುತ್ತಿದ್ದರು. ಕೆಳಗೆ ಲಷ್ಕರ್ ಮೊಹಲ್ಲಾದ ಬೀದಿಯಲ್ಲಿ ಯಾರೋ ಷಟರ್ ಎತ್ತಿದರು, ಯಾರೋ ಯಾರನ್ನೋ ಬೈದರು, ಒಂದು ಆಟೋ ಕೆಮ್ಮಿ ಕೆಮ್ಮಿ ಹೊರಟಿತು. ಮೇಲೆ ಮಹಡಿಯಲ್ಲಿ ಎಸ್ಸೆಸ್ಸೆಲ್ಸಿ ಗೈಡುಗಳ ಅಟ್ಟಿಗಳ ನಡುವೆ ಒಂದಿಡೀ ಮುದ್ರಣಾಲಯ ಚಿನ್ಮುದ್ರೆ ಹಿಡಿದು ಕೂತಿತ್ತು. ಈ ಮಾತನ್ನು ಮೊದಲ ದಿನವೇ ಹೇಳಿ ಪವಮಾನ ಎಲ್ಲರನ್ನೂ ನಗಿಸಿದ್ದ. ಇವತ್ತು ನೆನಪಾದರೂ ನಗು ಬರಲಿಲ್ಲ. ಎದುರಿಗೆ, ಕಣ್ಣು ಬಿಟ್ಟರೆ ಕಾಣುವಷ್ಟು ನೇರಕ್ಕೆ, ಬೈಂಡಿಂಗಿನ ಪುಟ್ಟಲಿಂಗಮ್ಮ ಕೂತಿದ್ದಾಳೆ. ಅವಳು ಕಣ್ಣು ಮುಚ್ಚಿಲ್ಲವೆಂದು ಅವನಿಗೆ ಕಣ್ಣು ಮುಚ್ಚಿಕೊಂಡೇ ಗೊತ್ತಿತ್ತು.

ಮೂರು ತಿಂಗಳ ಹಿಂದಿನವರೆಗೆ ಗೋವಿಂದರಾಜು ಸ್ಟೇಪ್ಲರ್ ಎಸೆಯುವ ಮನುಷ್ಯರಾಗಿದ್ದರು. ಇಲವಾಲದ ಕಡೆ ಯಾವುದೋ ತೋಟದಲ್ಲಿ ಹತ್ತು ದಿನದ ಶಿಬಿರಕ್ಕೆ ಹೋಗಿ, ಹತ್ತು ದಿನವೂ ಮಾತಾಡದೆ ಇದ್ದು, ಬಂದವರೇ ಹತ್ತು ದಿನದ ಬಾಕಿ ಮಾತನ್ನೆಲ್ಲ ನೌಕರರ ಮೇಲೆ ಸುರಿದರು. ಸಣ್ಣ ಸಣ್ಣ ಅಭ್ಯಾಸ ಕಣ್ರೀ, ದಿನಾ ಹತ್ತೇ ನಿಮಿಷ, ಜೀವನವೇ ಬದಲಾಗುತ್ತೆ. ಬೆಳಿಗ್ಗೆ ಒಂಬತ್ತೂವರೆಗೆ ಗಂಟೆ ಬಾರಿಸುವುದು, ಉಸಿರು ನೋಡುವುದು, ಮತ್ತೆ ಗಂಟೆ. ಆಮೇಲೆ ಬರೆಯಲು ಬರುವ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಇವತ್ತು ಯಾರಿಗೆ, ಯಾಕೆ ಕೃತಜ್ಞರು ಎಂದು ಒಂದೇ ಒಂದು ವಾಕ್ಯ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕುವುದು. ಗೋವಿಂದರಾಜು ಒಂದು ಚೀಟಿ ಎತ್ತಿ ಪವಮಾನನ ಕೈಗೆ ಕೊಡುವುದು. ಅವನು ಓದುವುದು. ಕರಡು ತಿದ್ದುವವನಾದ ಅವನಿಗೆ ಎಲ್ಲರ ಕೈಬರಹವೂ ಗೊತ್ತು, ಹಾಗಾಗಿ ಬರೆದವರ ದನಿಯಲ್ಲೇ ಓದುತ್ತಿದ್ದ. ಕಟಿಂಗ್ ಮಷಿನ್ನಿನ ಸಿದ್ದಲಿಂಗಸ್ವಾಮಿಯ ಮೂಗಿನ ದನಿ, ಡಿಟಿಪಿ ಮಾಡುವ ಪ್ರೀತಿಯ ಪರೀಕ್ಷೆಗೆ ಕೂತವಳಂಥ ತಡವರಿಕೆ, ಎಲ್ಲವೂ ಬರುತ್ತಿದ್ದವು. ಅವನದೇ ಚೀಟಿ ಬಂದರೆ "ಇವತ್ತಿನ ಕಾಫಿ ಬಿಸಿಯಾಗಿತ್ತು, ನಿನ್ನೆಯದನ್ನೇ ಬಿಸಿ ಮಾಡಿದ್ದರು" ಎಂಬಂಥದ್ದು ಏನಾದರೂ ಇರುತ್ತಿತ್ತು. ಜನ ಧ್ಯಾನಕ್ಕಿಂತ ಅವನಿಗಾಗಿ ಕಾಯುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬೀಳುತ್ತಿದ್ದುದು ಗೋವಿಂದರಾಜುವನ್ನೇ ಮಾಡಿ ತೋರಿಸಿದಾಗ. ಶಿಬಿರದಿಂದ ಬಂದ ಮೇಲೆ ಅವರು ಏನಾದರೂ ಎಡವಟ್ಟಾದರೆ ಬಲಗೈ ಎದೆಯ ಮೇಲಿಟ್ಟು, ಕಣ್ಣು ಅರ್ಧ ಮುಚ್ಚಿ, "ತಪ್ಪು ನಂದು ಕಣ್ರೀ" ಎನ್ನುತ್ತಿದ್ದರು. ಹಾಗೆಂದ ಎರಡು ನಿಮಿಷಕ್ಕೆ ತಪ್ಪು ಯಾರ ಮೇಲಾದರೂ ಬಿದ್ದೇ ಬೀಳುತ್ತಿತ್ತು. ಪವಮಾನ ಎದೆಗೆ ಕೈ ತಂದರೆ ಸಾಕು, ಗೋವಿಂದರಾಜೂ ಸೇರಿ ಎಲ್ಲರೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಕಳೆದ ಶುಕ್ರವಾರ ಎತ್ತಿದ ಚೀಟಿ ಗುಂಡಗಿನ ಅಕ್ಷರದ್ದು. ಒಂದೊಂದು ಅಕ್ಷರವನ್ನೂ ಬೇರೆ ಬೇರೆ ದಿನ ಬರೆದ ಹಾಗೆ, ಗೆರೆಯ ಮೇಲೆ ಒಂದು, ಕೆಳಗೆ ಒಂದು. ಆ ಕೈಬರಹ ಅವನು ಕಂಡಿರಲಿಲ್ಲ. 'ಪವಮಾನ ಸಾರ್ ಅವರಿಗೆ ನಾನು ಕೃತಘ್ನಳು. ಅವರು ಕೊಟ್ಟ ಕನ್ನಡಕದಲ್ಲಿ ಓದುತೀನಿ.' ಆಗ ಹೊಳೆಯಿತು. ವರ್ಷದ ಕೆಳಗೆ ನಂಬರು ಬದಲಾದಾಗ ಹಳೆಯ ಕಪ್ಪು ಕಟ್ಟಿನ ಕನ್ನಡಕವನ್ನು ಅವನು ಕಸದಬುಟ್ಟಿಗೆ ಹಾಕಿದ್ದ. ಕಸ ಗುಡಿಸುತ್ತಿದ್ದ ಪುಟ್ಟಲಿಂಗಮ್ಮ ಎತ್ತಿಕೊಂಡು, "ಇಟ್ಕಳ್ಳಾ ಸಾ?" ಎಂದಿದ್ದಳು. ಅವನು ತಲೆ ಎತ್ತದೆ, "ಇಟ್ಕೋ" ಎಂದಿದ್ದ. ಕೊಟ್ಟದ್ದೆಂದರೆ ಅಷ್ಟೇ, ಎರಡಕ್ಷರ. ಊಟದ ಹೊತ್ತಿನಲ್ಲಿ ಪ್ರೀತಿ ಅವಳಿಗೆ ಅಕ್ಷರ ಕಲಿಸುತ್ತಿದ್ದದ್ದು ಗೊತ್ತಿತ್ತು. ಐವತ್ತೈದು ದಾಟಿದ ಹೆಂಗಸು ತಾನು ಮಡಚಿ ಹೊಲಿಯುವ ಹಾಳೆಗಳನ್ನೇ ನೋಡಿ ನೋಡಿ ಬರೆಯುತ್ತಿದ್ದದ್ದೂ ಗೊತ್ತಿತ್ತು. ಇದು ಅವಳು ಜೀವನದಲ್ಲಿ ಬರೆದ ಮೊದಲ ವಾಕ್ಯ ಎಂಬುದು ಕೂಡ ಆ ಕ್ಷಣಕ್ಕೆ ಗೊತ್ತಾಗಿಹೋಯಿತು. ಸುಮ್ಮನೆ ಓದಿದ್ದರೆ ಮುಗಿಯುತ್ತಿತ್ತು. ಮೈಸೂರಿನಲ್ಲಿ ಯಾರು ತಾನೆ ಜ್ಞ ಎಂದು ಬಿಡಿಸಿ ಹೇಳುತ್ತಾರೆ? ಜ್ಞಾನ ಎಲ್ಲರ ಬಾಯಲ್ಲೂ ಗ್ನಾನ, ವಿಜ್ಞಾನ ವಿಗ್ನಾನ, ಕೃತಜ್ಞ ಕೃತಗ್ನ. ಆ ಗ್ನಕ್ಕೆ ಒಂದು ಹಿಡಿ ಉಸಿರು ಹೆಚ್ಚಾಗಿ ಬಿದ್ದರೆ ಘ್ನ. ಉಪಕಾರ ನೆನೆಯುವವನಿಗೂ ಉಪಕಾರವನ್ನು ಕೊಲ್ಲುವವನಿಗೂ ನಡುವೆ ಇರುವುದು ಒಂದು ಮಹಾಪ್ರಾಣ. ಆ ಉಸಿರನ್ನು ಅವನು ನುಂಗಬಹುದಿತ್ತು. ನುಂಗಲಿಲ್ಲ. ಹನ್ನೊಂದು ಮುಖಗಳು ನಗುವುದಕ್ಕೆ ಆಗಲೇ ಸಿದ್ಧವಾಗಿ ತುಟಿ ಸಡಿಲ ಮಾಡಿಕೊಂಡಿದ್ದವು.

"ಪವ್ಮಾನ್ ಸಾರ್ಗೆ ನಾನೂ..." ಎಂದು ಪುಟ್ಟಲಿಂಗಮ್ಮನ ದನಿಯಲ್ಲಿ ಎಳೆದು, ಗಂಟಲು ಕ್ಯಾಕರಿಸುವವನ ಹಾಗೆ, "ಕೃತ... ಘ್ಘ್ಘ್ನಳು!" ಎಂದ.

"ಅಯ್ಯಯ್ಯೋ, ಕೊಟ್ಟೋರ್ಗೇ ಗುಮ್ಮಿಬುಟ್ಳಲ್ಲಪ್ಪೋ!" ಎಂದು ಸಿದ್ದಲಿಂಗಸ್ವಾಮಿ ತೊಡೆ ತಟ್ಟಿಕೊಂಡ. ಗೋವಿಂದರಾಜು ಕಣ್ಣು ಒರೆಸಿಕೊಂಡರು. ಪುಟ್ಟಲಿಂಗಮ್ಮನೂ ಒಂದಿಷ್ಟು ನಕ್ಕಳು, ತನ್ನ ಚೀಟಿ ಬಂತೆಂಬ ಸಂತೋಷಕ್ಕೆ. ಆಮೇಲೆ ಪಕ್ಕಕ್ಕೆ ತಿರುಗಿ, "ಯಾಕವ್ವ ನಗ್ತಾವ್ರೆ?" ಎಂದು ಪ್ರೀತಿಯನ್ನು ಕೇಳಿದಳು. ಪ್ರೀತಿ ಕಿವಿಯಲ್ಲಿ ಹೇಳಿದಳು. ನಗು ಮುಖದ ಮೇಲೆ ಇದ್ದ ಹಾಗೇ ಇತ್ತು, ಅದರ ಹಿಂದಿನ ಮುಖ ಮಾತ್ರ ಎದ್ದುಹೋಯಿತು. "ಪುಸ್ತಕ್ದಲ್ಲಿ ಅಂಗೇ ಇತ್ತು ಸಾ," ಎಂದಳು.

ಅವನು ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಅರಮನೆಯಲ್ಲಿ ಪಾರಾಯಣಕ್ಕೆ ಹೋಗುತ್ತಿದ್ದ ಅವನ ತಾತ ಬೆಳಗಿನ ಜಗುಲಿಯ ಮೇಲೆ ಮೊಮ್ಮಗನ ಬಾಯಿಗೆ ಗೇಣು ದೂರದಲ್ಲಿ ಅಂಗೈ ಹಿಡಿದು ಕೂರುತ್ತಿದ್ದರು. ಖ, ಘ, ಛ, ಝ. ಒಂದೊಂದಕ್ಕೂ ಅಂಗೈಗೆ ಗಾಳಿ ತಾಗಬೇಕು. ತಾಗದಿದ್ದರೆ ಅದೇ ಅಂಗೈ ಕೆನ್ನೆಗೆ ತಾಗುತ್ತಿತ್ತು. "ಹೆಸರಿಗೆ ಪವಮಾನ, ವಾಯುದೇವರ ಹೆಸರು, ಬಾಯಲ್ಲಿ ಗಾಳಿಯಿಲ್ಲ! ಪ ತೆಗೆದು ಅ ಹಾಕಬೇಕು ನಿನಗೆ." ಏಳು ವರ್ಷದ ಹುಡುಗ ಪ ತೆಗೆದು ಅ ಹಾಕಿ ನೋಡಿಕೊಂಡು, ಅರ್ಥವಾದ ಮೇಲೆ ಬಚ್ಚಲಿಗೆ ಹೋಗಿ ಅತ್ತಿದ್ದ. ಅತ್ತು ಮುಗಿದ ಮೇಲೆ ಕನ್ನಡಿಯ ಮುಂದೆ ತಾತನನ್ನು ಹಾಗೇ ಮಾಡಿ ತೋರಿಸಿಕೊಂಡಿದ್ದ. ಅವನ ಮೊದಲ ಮಿಮಿಕ್ರಿ ಅದು. ನಲವತ್ತೈದು ವರ್ಷದ ಮೇಲೆ, ಶುಕ್ರವಾರ, ಅದೇ ಗೇಣು ದೂರದಲ್ಲಿ ಅವನ ಅಂಗೈ ಪುಟ್ಟಲಿಂಗಮ್ಮನ ಬಾಯಿಯ ಮುಂದೆ ನಿಂತಿತು.

"ಘ ಅನ್ನಮ್ಮ. ಉಸಿರು ಬಿಟ್ಟು ಅನ್ಬೇಕು. ನನ್ನ ಅಂಗೈಗೆ ಗಾಳಿ ತಾಗ್ಲಿ."

"ಗ."

"ಗ ಅಲ್ಲ ಕಣಮ್ಮ, ಘ."

"ಗಾ."

"ನೋಡಿದ್ರಾ?" ಎಂದು ಅವನು ಜನರ ಕಡೆ ತಿರುಗಿದ. "ಪುಟ್ಟಲಿಂಗಮ್ಮಂಗೆ ಮಹಾಪ್ರಾಣ ಬರಲ್ಲ, ಉಪಕಾರದ ಪ್ರಾಣ ತೆಗೆಯೋದು ಮಾತ್ರ ಬರುತ್ತೆ!"

ಆ ನಗು ಬೀದಿಗೆ ಕೇಳಿಸಿತ್ತು. ಅಂಗೈಯ ಮೇಲೆ ಅವಳ ಉಸಿರು ತಾಗಿತ್ತು ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ. ಮಹಾಪ್ರಾಣದ್ದಲ್ಲ. ಬಾಯಿ ತೆರೆದ ಮನುಷ್ಯರಿಂದ ಸುಮ್ಮನೆ ಬರುತ್ತದಲ್ಲ, ಬೆಚ್ಚಗೆ, ಎಲೆಯಡಿಕೆಯ ವಾಸನೆಯದು, ಅದು. ಅವತ್ತು ಮೂರು ಸಲ ಕೈ ತೊಳೆದಿದ್ದ.

ಉಸಿರು ಬಂತು, ಹೋಯಿತು, ಹಾಳೆ ಸರಕ್ಕೆಂದಿತು. "ಮನಸ್ಸು ಎಲ್ಲಾದ್ರೂ ಓಡಿಹೋದ್ರೆ ಬೈಬೇಡಿ, ಮಗು ಥರ ಕೈ ಹಿಡಿದು ವಾಪಸ್ ಕರ್ಕೊಂಡ್ಬನ್ನಿ," ಎಂದರು ಗೋವಿಂದರಾಜು. ಮಗು ಭಾನುವಾರದ ಅಡುಗೆಮನೆಯಲ್ಲಿತ್ತು. ಹೆಂಡತಿ ರಮಾಮಣಿ ನೆಲದ ಮೇಲೆ ಪೇಪರು ಹರವಿಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. 'ಪುಸ್ತಕ್ದಲ್ಲಿ ಅಂಗೇ ಇತ್ತು ಸಾ' ಎಂಬುದು ಎರಡು ದಿನದಿಂದ ಅವನ ಬಾಯಿಗೆ ಹತ್ತಿಬಿಟ್ಟಿತ್ತು. ಸ್ನಾನ ಮಾಡುವಾಗಲೂ ಅವಳ ದನಿಯಲ್ಲಿ ಅಂದುಕೊಳ್ಳುತ್ತಿದ್ದ. ಅದನ್ನು ಅನ್ನುತ್ತಲೇ ತಮ್ಮ ಪ್ರೆಸ್ಸಿನದೇ ಕನ್ನಡ ಗೈಡು ತೆಗೆದು ಪತ್ರಲೇಖನದ ಭಾಗ ತಿರುವಿದ. ನೂರ ಹನ್ನೆರಡನೆಯ ಪುಟ, ಗುರುಗಳಿಗೆ ಧನ್ಯವಾದ ಹೇಳುವ ಮಾದರಿ ಪತ್ರ. ಕೊನೆಯಲ್ಲಿ: 'ಇಂತಿ ತಮ್ಮ ಕೃತಘ್ನ ವಿದ್ಯಾರ್ಥಿ.' ಮೊದಲು ಬಂದದ್ದು ನಗು, ವೃತ್ತಿಯವನ ನಗು. ಜಿಲ್ಲೆಯ ಮಕ್ಕಳೆಲ್ಲ ಮೇಷ್ಟರಿಗೆ ನಾವು ನಿಮ್ಮ ಉಪಕಾರ ತಿಂದುಹಾಕಿದವರು ಎಂದು ಸಹಿ ಮಾಡುತ್ತಿದ್ದಾರೆ! ಮರುಗಳಿಗೆ ಕೊನೆಯ ಕರಡು ನೋಡಿದ್ದು ತಾನೇ ಎಂದು ನೆನಪಾಯಿತು. ಹೊಸ ಕನ್ನಡಕ ಹಾಕಿಕೊಂಡು ನೋಡಿದ್ದು. ಅವನು ಕಾಣದ್ದನ್ನು ಅವನ ಹಳೆಯ ಕನ್ನಡಕ ಹಾಕಿಕೊಂಡವಳು ಕಂಡಿದ್ದಳು; ಕಂಡು, ಅಚ್ಚಾದದ್ದೆಲ್ಲ ಸರಿ ಎಂದು ನಂಬಿ, ಒಂದು ಕೊಂಬೂ ಬಿಡದೆ ಇಳಿಸಿಕೊಂಡಿದ್ದಳು. ಅವಳು ಬರೆದದ್ದು ಅವನ ತಪ್ಪನ್ನೇ.

ಕೈ ತಾನಾಗಿಯೇ ಎದೆಗೆ ಹೋಯಿತು. "ತಪ್ಪು ನಂದು ಕಣ್ರೀ," ಎಂದ.

ರಮಾಮಣಿ ತಲೆ ಎತ್ತಲಿಲ್ಲ. "ಈಗ ಯಾರು ಮಾತಾಡ್ತಿರೋದು?"

"ನಾನೇ ಕಣೇ."

"ನೀವಾ?" ಅವಳು ಒಂದು ಹುಳುಕು ಕಾಳನ್ನು ಬೇರೆ ಇಟ್ಟಳು. "ನಮ್ಮಮ್ಮ ಹೋದ ದಿನ ಆಸ್ಪತ್ರೆ ಡಾಕ್ಟ್ರು ಹೇಳಿದ್ದನ್ನ ಡಾಕ್ಟ್ರು ಥರಾನೇ ಹೇಳಿದ್ರಲ್ಲ, ಅವತ್ತಿಂದ ನಾನು ನಿಮ್ಮನ್ನ ಹುಡುಕ್ತಾನೇ ಇದೀನಿ. ಇದ್ರೆ ಬಂದು ಕಾಯಿ ಬಿಡ್ಸಿ."

ಇವತ್ತು ಬೆಳಿಗ್ಗೆ ಎಂಟೂವರೆಗೇ ಅವನು ಪ್ರೆಸ್ಸಿನ ಮೆಟ್ಟಿಲು ಹತ್ತಿದ್ದ. ತಪ್ಪು ಒಪ್ಪಿಕೊಳ್ಳುವುದಕ್ಕೆ ಅಷ್ಟು ಬೇಗ ಬರಬೇಕಾಗಿಲ್ಲವೆಂದು ಅವನಿಗೂ ಗೊತ್ತಿತ್ತು. ಹಳೆಯ ಕರಡುಗಳ ಕಟ್ಟು ಅಟ್ಟದ ಮೇಲಿರುತ್ತದೆ. ಆದರೆ ಕಟ್ಟು ಆಗಲೇ ಕೆಳಗಿತ್ತು. ಮಂಡಕಳ್ಳಿಯ ಮೊದಲ ಬಸ್ಸಿಗೆ ಬಂದಿದ್ದ ಪುಟ್ಟಲಿಂಗಮ್ಮ ನೆಲದ ಮೇಲೆ ಕೂತು, ಬೈಂಡಿಂಗ್ ದಾರದಲ್ಲಿ ಕಾಲು ಕಟ್ಟಿದ ಆ ಕಪ್ಪು ಕನ್ನಡಕ ಹಾಕಿಕೊಂಡು, ಒಂದು ಹಾಳೆಯನ್ನು ಬೇರೆ ತೆಗೆದಿಟ್ಟಿದ್ದಳು.

"ಇದ್ನೇ ತಾನೆ ಸಾ ನೀವು ಉಡುಕ್ಕಂಡ್ ಬಂದಿರೋದು?"

ನೂರ ಹನ್ನೆರಡನೆಯ ಪುಟದ ಕೊನೆಯ ಕರಡು; ಮೂಲೆಯಲ್ಲಿ ಕೆಂಪು ಶಾಯಿಯ ಒಂದೇ ಅಕ್ಷರ, ಪ. ಎಲ್ಲ ಸರಿಯಿದೆ, ಅಚ್ಚಿಗೆ ಹೋಗಬಹುದು ಎಂದು ಅರ್ಥ.

"ಪ್ರೀತವ್ವ ನಂಗೆ ಪ ಕಲ್ಸಿದ್ದೇ ನಿಮ್ ರುಜು ತೋರ್ಸಿ," ಎಂದಳು. "ಅದ್ಕೇ ಗುರ್ತು ಸಿಕ್ತು. ನಾನೇನೂ ಅನ್ನಕ್ಕಿಲ್ಲ ಸಾ. ಪುಸ್ತಕ್ದಲ್ಲೇ ಅಂಗಿತ್ತು, ಪುಟ್ಲಿಂಗಮ್ಮಂದಲ್ಲ ತಪ್ಪು ಅಂತ ಎಲ್ರ ಮುಂದೆ ನೀವೇ ಒಂದ್ ಮಾತ್ ಯೋಳ್ಬುಡಿ. ಅಷ್ಟೇಯ. ನಾನ್ ಯೋಳುದ್ರೆ ನಗ್ತಾರೆ."

"ಹೇಳ್ತೀನಿ," ಎಂದ. ಆ ಹೊತ್ತಿಗೆ ಅದು ನಿಜವೇ ಆಗಿತ್ತು. ಅವಳು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ಕೊಡುವವರ ಹಾಗೆ ಕೊಟ್ಟಳು. ಅವನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಎದೆಯ ಜೇಬು.

ಗಂಟೆ ಬಾರಿಸಿತು. ಕಣ್ಣುಗಳು ತೆರೆದವು. ಗೋವಿಂದರಾಜು ಕನ್ನಡ ಗೈಡನ್ನು ಕೈಗೆತ್ತಿಕೊಂಡರು.

"ಚೀಟಿಗೆ ಮುಂಚೆ ಒಂದು ವಿಷಯ. ಶನಿವಾರ ಪ್ರೀತಿಯವರು ಇದನ್ನ ನನಗೆ ತೋರಿಸಿದ್ರು. ಪುಟ್ಟಲಿಂಗಮ್ಮನ ತಪ್ಪು ಪುಟ್ಟಲಿಂಗಮ್ಮನದಲ್ಲವಂತೆ, ನಮ್ಮ ಗೈಡಿಂದು. ನೋಡ್ದೆ. ನಿಜ." ಒಂದು ಉಸಿರು ಎಳೆದು ಬಿಟ್ಟರು. "ನನಗೆ ಕೋಪ ಇಲ್ಲ. ಕೋಪ ಬರ್ತಾ ಇದೆ, ಅದನ್ನ ನಾನು ನೋಡ್ತಾ ಇದೀನಿ. ಟೈಪ್ ಮಾಡಿದ್ದು ಯಾರು ಪ್ರೀತಿ?"

"ನಾನೇ ಸಾರ್. ಆದ್ರೆ ಪ್ರೂಫಲ್ಲಿ ಗುರುತು ಮಾಡಿದ್ದಷ್ಟೇ ನಾನು ತಿದ್ದೋದು. ಫೈನಲ್ ಪ್ರೂಫ್ ತೆಗೆದು ನೋಡಿ ಸಾರ್, ಅದ್ರಲ್ಲಿ ಹೆಂಗಿದ್ಯೋ ಹಂಗೇ ಅಚ್ಚಾಗಿರೋದು."

"ಪವಮಾನ್ ಕಣ್ಣು ತಪ್ಪಿಸಿ ಘ ಬರೋಕೆ ಸಾಧ್ಯನೇನಮ್ಮ? ಅವರ ತಾತ ಯಾರು ಗೊತ್ತಾ? ಅವರು ನೋಡಿಕೊಟ್ಟ ಮೇಲೆ ನೀವೇ ಏನೋ ಒತ್ತಿದೀರಿ."

ಸಿದ್ದಲಿಂಗಸ್ವಾಮಿ ಕಟ್ಟು ತಂದು ಬಿಚ್ಚಿದ. ನೂರ ಹನ್ನೊಂದು ಇತ್ತು. ನೂರ ಹದಿಮೂರು ಇತ್ತು.

"ಹಾಳೆಗೆ ಕಾಲು ಬಂತಾ?" ಎಂದರು ಗೋವಿಂದರಾಜು, ಜೇನು ಹಾಗೇ ಇತ್ತು. "ಶನಿವಾರ ನೀವೊಬ್ಬರೇ ಈ ಪುಟದ ಹಿಂದೆ ಬಿದ್ದಿದ್ದು. ಬೇಡ ಪ್ರೀತಿ, ಅಳಬೇಡಿ, ಅಳು ಬಂದ್ರೆ ಅದನ್ನೂ ನೋಡಿ. ಆರು ವರ್ಷ ನಮ್ಮ ಜೊತೆ ಇದ್ರಿ, ಅದಕ್ಕೆ ನಾನು ಕೃತಜ್ಞ. ನಾಳೆಯಿಂದ ಬರೋದು ಬೇಡ."

ಅವರು ಕೂಡ ಕೃತಗ್ನ ಎಂದೇ ಅಂದರು. ಯಾರೂ ನಗಲಿಲ್ಲ.

ಪವಮಾನ ಎದ್ದು ನಿಂತ. ಐವತ್ತೆರಡು ವರ್ಷದಲ್ಲಿ ಮೊದಲ ಸಲ ತನ್ನದೇ ಗಂಟಲಲ್ಲಿ ಏನೋ ಮೇಲೆ ಬರುತ್ತಿರುವ ಹಾಗಿತ್ತು. ಹಾಳೆ ತೆಗೆಯುವುದಕ್ಕೆ ಬಲಗೈಯನ್ನು ಎದೆಯ ಜೇಬಿಗೆ ಒಯ್ದ. ನಾಚಿಕೆಗೆ ಕಣ್ಣುಗಳು ಅರ್ಧ ಮುಚ್ಚಿಕೊಂಡವು.

"ತಪ್ಪು ನಂದು," ಎಂದ. ಅವನ ಅಭ್ಯಾಸಬಿದ್ದ ನಾಲಿಗೆ ಕೇಳದೆಯೇ ಮುಗಿಸಿತು: "ಕಣ್ರೀ."

ಮಹಡಿಯೇ ಒಡೆದುಹೋಗುವ ನಗು. "ಓನರ್ ಮುಂದೇನೇ ಓನರ್ನ ಮಾಡ್ಬುಟ್ರಲ್ಲಪ್ಪೋ!" ಎಂದು ಸಿದ್ದಲಿಂಗಸ್ವಾಮಿ ಗೈಡಿನ ಅಟ್ಟಿಯ ಮೇಲೆ ಒರಗಿಕೊಂಡ. ಗೋವಿಂದರಾಜು ಮೊದಲು ತಡೆದುಕೊಳ್ಳಲು ನೋಡಿದರು, ಆಗಲಿಲ್ಲ.

"ಅಲ್ಲ, ನಿಜವಾಗ್ಲೂ, ಪ್ರೂಫ್ ನಾನೇ..." ಎಂದ. ಅದೂ ಜೇನಿನ ದನಿಯಲ್ಲೇ ಬಂತು. ಇನ್ನೊಂದು ಬೇಕೆಂದರೂ ಸಿಗಲಿಲ್ಲ.

"ಸಾಕು ಕಣ್ರೀ ಪವಮಾನ್, ಹೊಟ್ಟೆ ನೋವು ಬರುತ್ತೆ. ಇಂಥ ಹೊತ್ತಲ್ಲೂ ನಗಿಸ್ತೀರಲ್ಲ, ದೊಡ್ಡ ಗುಣ."

ಬೆರಳ ತುದಿಗೆ ಹಾಳೆಯ ಅಂಚು ತಾಗುತ್ತಿತ್ತು. ಎಳೆದು ತೆಗೆದರೆ ಮುಗಿಯಿತು. ಕೆಂಪು ಪ ಯಾರನ್ನೂ ನಗಿಸುವಂಥದಲ್ಲ. ಎಲ್ಲರೂ ಅವನ ಮುಖ ನೋಡುತ್ತಿದ್ದರು, ಪುಟ್ಟಲಿಂಗಮ್ಮ ಮಾತ್ರ ಅವನ ಕೈ ನೋಡುತ್ತಿದ್ದಳು. ಅವನು ಜೇಬನ್ನು ಎರಡು ಸಲ ಸವರಿದ, ಇಸ್ತ್ರಿ ಸರಿಮಾಡಿಕೊಳ್ಳುವವನ ಹಾಗೆ. ಕೈ ಕೆಳಗಿಳಿಸಿದ.

ಪ್ರೀತಿ ಊಟದ ಡಬ್ಬಿ ತೆಗೆದುಕೊಂಡು ಬ್ಯಾಗಿಗೆ ಹಾಕಿಕೊಂಡಳು. ಹೋಗುವಾಗ ಅವನ ಹತ್ತಿರ ನಿಂತಳು. "ನನ್ ಕೆಲ್ಸ ಹೋಗೋದೂ ನಿಮ್ಗೆ ತಮಾಷೆನೇ ಅಲ್ವಾ ಸಾರ್," ಎಂದಳು. ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿದು, ಬೀದಿಗೆ ಬಿದ್ದು, ಬೀದಿಯ ಸದ್ದಾಯಿತು.

"ಬನ್ನಿ, ಚೀಟಿ," ಎಂದರು ಗೋವಿಂದರಾಜು. "ಇಂಥ ದಿನವೇ ಅಭ್ಯಾಸ ತಪ್ಪಿಸಬಾರದು."

ಪವಮಾನ ಪೆನ್ನು ಹಿಡಿದು ಕೂತ. ಆಗ ಒಂದು ವಿಚಿತ್ರ ಸಂಭವಿಸಿತು. ಮೂರು ತಿಂಗಳಿಂದ ಬಾರದ ಶಾಂತಿ ತಾನಾಗಿಯೇ ಬಂತು. ಉಸಿರು ಯಾರೂ ಎಳೆಯದೆ ಒಳಗೆ ಹೋಯಿತು, ಯಾರೂ ದಬ್ಬದೆ ಹೊರಗೆ ಬಂತು. ಕಿಟಕಿಯ ಬಿಸಿಲು, ಹೊಸ ಕಾಗದದ ವಾಸನೆ, ಕೆಳಗಿನ ಹೋಟೆಲಿನ ಒಗ್ಗರಣೆ, ತನ್ನ ಮೇಜು, ತನ್ನ ಕುರ್ಚಿ, ನಾಳೆಯೂ ಇರುವ ಕುರ್ಚಿ. ನಕ್ಕ ಹನ್ನೊಂದು ಮುಖಗಳ ಮೇಲೂ ಅವನಿಗೆ ಪ್ರೀತಿ ಉಕ್ಕಿತು. ಹನ್ನೊಂದಲ್ಲ, ಈಗ ಹತ್ತು, ಅದರಲ್ಲಿ ಒಬ್ಬಳು ನಕ್ಕಿರಲಿಲ್ಲ ಎಂದು ಲೆಕ್ಕ ತಿದ್ದಿಕೊಂಡ. ಯಾರೂ ತನ್ನನ್ನು ನಂಬದೆ ಹೋದದ್ದಕ್ಕೆ ಕಣ್ಣಲ್ಲಿ ನೀರು ಬಂತು. 'ಎಲ್ಲರಿಗೂ ನಾನು ಕೃತಜ್ಞ' ಎಂದು ಬರೆದ. ಜ ಬರೆದ, ಅದಕ್ಕೆ ಞ ಒತ್ತು ಕೊಟ್ಟ, ಸರಿಯಾಗಿದೆಯೇ ಎಂದು ಎರಡು ಸಲ ನೋಡಿ ಮಡಚಿ ಡಬ್ಬಿಗೆ ಹಾಕಿದ. ತಮಾಷೆಯಿಲ್ಲದ ಅವನ ಮೊದಲ ಚೀಟಿ ಅದು.

ಗೋವಿಂದರಾಜು ಡಬ್ಬಿ ಕುಲುಕಿ ಒಂದನ್ನು ಎತ್ತಿ ಅವನ ಕೈಗೆ ಕೊಟ್ಟರು. ಗುಂಡಗಿನ ಅಕ್ಷರ. ಗೆರೆಯ ಮೇಲೆ ಒಂದು, ಕೆಳಗೆ ಒಂದು.

'ಪವಮಾನ ಸಾರ್ ಅವರಿಗೆ ನಾನು ಕೃತಘ್ನಳು.'

ಘ ದಪ್ಪಗಿತ್ತು. ಒಂದು ಸಲ ಬರೆದು, ಮತ್ತೆ ಅದರ ಮೇಲೇ ತಿದ್ದಿ, ಕಾಗದ ತೂತಾಗುವಷ್ಟು ಒತ್ತಿ ಬರೆದಿದ್ದಳು. ಈಗ ಅವಳಿಗೆ ಅರ್ಥ ಗೊತ್ತು.

ಅವನು ಗಂಟಲು ಸರಿಮಾಡಿಕೊಂಡ. ಯಾರ ದನಿಯೂ ಅಲ್ಲದ ದನಿಯಲ್ಲಿ, ಬೇಗ ಬೇಗ, "ಪವಮಾನ ಸಾರ್ ಅವರಿಗೆ ನಾನು ಕೃತಗ್ನಳು," ಎಂದು ಓದಿ ಉಸಿರು ನುಂಗಿದ.

"ಭೇಷ್! ತಿದ್ಕೊಂಡ್ಬುಟ್ಳು ನೋಡಿ!" ಎಂದು ಸಿದ್ದಲಿಂಗಸ್ವಾಮಿ ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು.

ಪುಟ್ಟಲಿಂಗಮ್ಮ ತಟ್ಟಲಿಲ್ಲ. ಎದ್ದು ಬಂದಳು. ಕನ್ನಡಕ ತೆಗೆದು, ದಾರ ಕಟ್ಟಿದ ಕಾಲುಗಳನ್ನು ಮಡಚಿ, ಅವನ ಮೇಜಿನ ಮೇಲೆ ಇಟ್ಟಳು. ಆಮೇಲೆ ತನ್ನ ಬಲಗೈ ಎತ್ತಿ, ಅಂಟು ಒಣಗಿ ಬಿರಿದ ಅಂಗೈಯನ್ನು ಅವನ ಬಾಯಿಗೆ ಗೇಣು ದೂರದಲ್ಲಿ ಹಿಡಿದಳು.

"ನಾನ್ ಬರ್ದಿರೋದು ಅದಲ್ಲ ಸಾ," ಎಂದಳು. "ಉಸ್ರು ಬುಟ್ಟು ಓದಿ."

ಜನ ನಗುವುದಕ್ಕೆ ಕಾಯುತ್ತಿದ್ದರು. ಪವಮಾನ ಉಸಿರು ಎಳೆದುಕೊಂಡ. ಜೇಬಿನಲ್ಲಿ ಹಾಳೆ ಸರಕ್ಕೆಂದಿತು.